ಯಾರಿಗೋಸ್ಕರ ಬಂದಿರಿ?

ಫೆಬ್ರವರಿ ಮುಗಿಯುತ್ತ ಬಂದಿತ್ತು, ಕಡಲ ಗಾಳಿ ಮಾತ್ರ ಇನ್ನೂ ಕಿವಿ ಕಚ್ಚುವುದನ್ನು ಬಿಟ್ಟಿರಲಿಲ್ಲ. ಭಾನುವಾರ ಮಧ್ಯಾಹ್ನ ಉಂಡ ಬಟ್ಟಲು ತೊಳೆದಿಡುವಾಗ ಇಸೊಗೈ ತೊಕುಜಿಗೆ ಕಾರ್ಖಾನೆಯ ಮೇಸ್ತ್ರಿ ಕುರಾಮೊಚಿ ಹೇಳಿದ್ದರಲ್ಲಿ ಅರ್ಧ ನೆನಪಾಯಿತು, ಅರ್ಧ ಆಗಲಿಲ್ಲ. ತಾಪತ್ರಯ ಶುರುವಾದದ್ದು ಅಲ್ಲಿಂದ.

ನೆನಪಾದದ್ದು ಇಷ್ಟು: "ಭಾನುವಾರ ಸಂಜೆ ನೆಲಮಾಳಿಗೆಯ ಹಾಡಿನ ಮನೆಗೆ ಬಾ. ನಾನು ಹಾಡ್ತೀನಿ. ಬಾಗಿಲಲ್ಲಿ ಯಾರಿಗೋಸ್ಕರ ಬಂದೆ ಅಂತ ಕೇಳ್ತಾರೆ, ನನ್ನ ಹೆಸರು ಹೇಳು. ಸೋಮವಾರಾನೇ ನಿನ್ನನ್ನ ಥಂಡಿ ಕೋಣೆಯಿಂದ ಸುಡೋ ಕೋಣೆಗೆ ಹಾಕ್ತೀನಿ."

ನೆನಪಾಗದ್ದು, ವೇದಿಕೆಯ ಮೇಲೆ ಮೇಸ್ತ್ರಿ ಇಟ್ಟುಕೊಂಡಿರುವ ಹೆಸರು. ಅವನು ಅದನ್ನು ಹೇಳುವಾಗ ಮಂಜುಗಡ್ಡೆ ಒಡೆಯುವ ಯಂತ್ರ ಗುಡುಗುತ್ತಿತ್ತು. ಇಸೊಗೈ "ಹಾ, ಹಾ" ಎಂದು ತಲೆಯಾಡಿಸಿಬಿಟ್ಟಿದ್ದ.

ನಮ್ಮ ಕೊಹಾಮಾ ಬಂದರಿನ ಮೀನಿನ ಕಾರ್ಖಾನೆಗೆ ಇಸೊಗೈ ಸೇರಿದ್ದು ಚಳಿಗಾಲಕ್ಕೆ ಮೊದಲು. ಸೇರಿದ ದಿನದಿಂದ ಥಂಡಿ ಕೋಣೆ. ರಾತ್ರಿ ಮನೆಗೆ ಬಂದು ಬಿಸಿನೀರ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿದರೂ ಬೆರಳುಗಳು ಸತ್ತ ಸೀಗಡಿಯ ಹಾಗೆ ಮುದುರಿಕೊಂಡೇ ಇರುತ್ತಿದ್ದವು. ಗೋಡೆಯ ಆಚೆಗೇ ಸುಡುವ ಕೋಣೆ. ಅಲ್ಲಿ ಮೀನಿನ ಹಿಟ್ಟನ್ನು ಕಡ್ಡಿಗೆ ಸುತ್ತಿ ಬೆಂಕಿಯ ಮೇಲೆ ತಿರುಗಿಸುತ್ತಾರೆ. ಜನವರಿಯಲ್ಲೂ ಅಲ್ಲಿನವರದು ಅರ್ಧ ತೋಳಿನ ಅಂಗಿ. ಆ ಗೋಡೆಗೆ ಬೆನ್ನು ಒತ್ತಿ ನಿಲ್ಲುವುದೇ ಇಸೊಗೈಗೆ ಸ್ವರ್ಗಸುಖ.

ಅಂಗಿ ಬದಲಿಸಿ ಹೊರಟರೆ ಪಕ್ಕದ ಮನೆಯ ಒಬಾತಾ ಹೆಂಗಸು ಎದುರಾದಳು.

"ಎಲ್ಲಿಗೆ, ಹೊಸ ಕಾಲುಚೀಲ ಹಾಕ್ಕೊಂಡು?"

"ಹಾಡು ಕೇಳೋಕೆ."

"ನೀವಾ? ರೇಡಿಯೋ ಹಾಕಿದ್ರೇ ನಿದ್ದೆ ಹೋಗೋರು! ತಡೀರಿ, ನಾನೂ ಬರ್ತೀನಿ. ಒಬ್ರನ್ನೇ ಬಿಟ್ರೆ ದಾರಿ ತಪ್ತೀರಿ."

ಬೇಡ ಅನ್ನುವಷ್ಟರಲ್ಲಿ ಅವಳು ಮನೆಗೆ ಬೀಗ ಹಾಕಿ ಮುಂದೆ ನಡೆದಾಗಿತ್ತು.

ನೆಲಮಾಳಿಗೆಯ ಮೆಟ್ಟಿಲ ಕೊನೆಯಲ್ಲಿ ಒಬ್ಬ ಹುಡುಗಿ ಮೂರು ಗಾಜಿನ ಭರಣಿ ಇಟ್ಟುಕೊಂಡು ಕೂತಿದ್ದಳು. ಬಂದವರು ತಾವು ಯಾರಿಗೋಸ್ಕರ ಬಂದೆವೆಂದು ಹೇಳಬೇಕು, ಅವಳು ಆ ಹಾಡುಗಾರರ ಭರಣಿಗೆ ಒಂದು ಚಿಪ್ಪು ಹಾಕಬೇಕು. ಹೆಚ್ಚು ಚಿಪ್ಪು ಬಿದ್ದವರಿಗೆ ಮುಂದಿನ ತಿಂಗಳೂ ವೇದಿಕೆ. ಹೇಳದೆ ಒಳಗೆ ಹೋಗುವ ರೂಢಿ ಇಲ್ಲ.

"ಇವತ್ತು ಯಾರಿಗೋಸ್ಕರ ಬಂದಿರಿ?"

"ಕುರಾಮೊಚಿ ಅವರಿಗೋಸ್ಕರ."

"ಆ ಹೆಸರಿನವರು ಯಾರೂ ಹಾಡ್ತಾ ಇಲ್ವಲ್ಲ."

ಭರಣಿಗಳ ಮೇಲಿದ್ದ ಹೆಸರುಗಳು ಮೊಮೊನೆ, ಹಯಾತೆ ಗೋರೋ, ಶಿಜುಮಾ. ಇಸೊಗೈನ ಕಣ್ಣು ಮೂರರ ಮೇಲೂ ಓಡಾಡಿತು. ಹಿಂದೆ ಸಾಲು ಬೆಳೆಯಿತು, ಯಾರೋ ಕೆಮ್ಮಿದರು. ಅವನ ಕುತ್ತಿಗೆ ಬೆವರಿತು. ಆ ಚಳಿಗಾಲದಲ್ಲಿ ಅವನು ಬೆವರಿದ್ದು ಅದೇ ಮೊದಲು.

"ಒಂದು ಹೆಸರು ಹೇಳೋಕೆ ಇಷ್ಟು ಹೊತ್ತಾ?" ಎಂದು ಒಬಾತಾ ಅವನನ್ನು ಭುಜದಿಂದ ತಳ್ಳಿ ಮುಂದೆ ಬಂದಳು. "ಮೊಮೊನೆ ಅಂತ ಹಾಕ್ಕೊಳಮ್ಮ, ಇಬ್ಬರದೂ. ನಮ್ಮ ಮುಂದಿದ್ದೋರೆಲ್ಲ ಅದನ್ನೇ ಹೇಳಿದ್ರು."

ಟಣ್ ಟಣ್ ಎಂದು ಎರಡು ಚಿಪ್ಪು ಬಿದ್ದವು.

ಆ ಸದ್ದು ಕೇಳಿದ್ದೇ ತಡ, ಪೀಚ್ ಹಣ್ಣಿನ ಬಣ್ಣದ ನಿಲುವಂಗಿ ತೊಟ್ಟ ನಾಲ್ಕೈದು ಗಂಡಸರು ಓಡಿ ಬಂದು ಸೊಂಟ ಮುರಿಯುವಷ್ಟು ಬಗ್ಗಿ ನಮಸ್ಕರಿಸಿದರು. ಮುಂದಾಳು ಪೇಟೆಯ ಕ್ಷೌರಿಕ.

"ಹೊಸಬರಾ? ನಮ್ಮ ಮೊಮೊನೆಗೆ ಹೊಸಬರು! ಬನ್ನಿ, ಹೊಸಬರಿಗೆ ಮುಂದಿನ ಸಾಲು."

"ನಾನು ಹಿಂದೇನೇ..."

"ನಾಚ್ಕೋಬೇಡಿ ಸ್ವಾಮಿ. ನಾನೂ ಮೊದಲ ದಿನ ಕಂಬದ ಹಿಂದೆ ನಿಂತಿದ್ದೆ."

ಇಸೊಗೈನ ಎರಡು ಕೈಗೂ ಎರಡು ಬೆಳಕಿನ ಕಡ್ಡಿ ಬಂದವು, ಕೊರಳಿಗೆ ಒಂದು ಟವೆಲ್ಲು ಬಿತ್ತು. ಎಲ್ಲಿ ಕೂಗಬೇಕು, ಎಲ್ಲಿ ಟವೆಲ್ಲು ತಿರುಗಿಸಬೇಕು ಎಂಬ ಪಾಠ ನಿಂತಲ್ಲೇ ಆಯಿತು. ಮೊಮೊನೆ ಎಂಬ ಹಾಡುಗಾರ್ತಿ ವೇದಿಕೆಗೆ ಹಾರಿ ಬಂದಳು. ಡ್ರಮ್ಮಿನ ಪೆಟ್ಟು ಅಂಗಾಲಿನಿಂದ ಹತ್ತಿ ಹಲ್ಲಿಗೆ ಬಂತು. ರೇಡಿಯೋದಲ್ಲಿ ಹಾಡು ಅಂದರೆ ದೂರದಲ್ಲೆಲ್ಲೋ ನಡೆಯುವ ಸಂಗತಿ. ಇಲ್ಲಿ ಅವಳು ಉಸಿರು ಎಳೆದದ್ದೂ ಕೇಳುತ್ತಿತ್ತು, ಹಣೆಯ ಬೆವರು ಹಾರಿ ಇವನ ಕನ್ನಡಕದ ಮೇಲೆ ಬೀಳುತ್ತಿತ್ತು. ಎರಡನೇ ಹಾಡಿಗೆ ಇಸೊಗೈ "ಹೋಯ್! ಹೋಯ್! ಬಂದ್ವಿ ನೋಡು!" ಎಂದು ಕ್ಷೌರಿಕನಿಗಿಂತ ಜೋರಾಗಿ ಅರಚುತ್ತಿದ್ದ. ಬೆರಳುಗಳು ಬೆಚ್ಚಗಾಗಿದ್ದವು.

ಆಮೇಲೆ ಹೊಳೆಯುವ ಬಿಳಿ ಸೂಟಿನಲ್ಲಿ ಹಯಾತೆ ಗೋರೋ ಬಂದ. ಇಸೊಗೈಗೆ ಗುರುತು ಹತ್ತಲಿಲ್ಲ. ಕಾರ್ಖಾನೆಯಲ್ಲಿ ಎಲ್ಲರಿಗೂ ಟೋಪಿ, ಮುಖಪಟ್ಟಿ, ಕಾಣುವುದು ಎರಡು ಕಣ್ಣು ಮಾತ್ರ. ಆದರೆ ಬಂದರು ಬಿಟ್ಟು ಹೋದ ಹೆಂಗಸಿನ ಹಾಡನ್ನು ಅವನು ಎತ್ತಿದ ಕೂಡಲೇ ಇಸೊಗೈಗೆ ಗೊತ್ತಾಯಿತು. 'ಬಾಗಿಲು ಮುಚ್ಚೋ, ಥಂಡಿ ಹೋಗುತ್ತೆ' ಎಂದು ದಿನವೂ ಬೈಯುವ ಗಂಟಲು ಅದು! ಅಯ್ಯೋ, ಮೇಸ್ತ್ರಿ! ನನ್ನ ಚಿಪ್ಪು ಮೊಮೊನೆಯ ಭರಣಿಯಲ್ಲಿದೆ!

ತಪ್ಪನ್ನು ಹೇಗಾದರೂ ತೊಳೆಯಬೇಕಲ್ಲ. ಮೇಸ್ತ್ರಿ ಹಾಡಿನ ನಡುವೆ ಕಣ್ಣು ಮುಚ್ಚಿ, ಅಳು ಬರುವ ಜಾಗದಲ್ಲಿ ದನಿ ನಿಲ್ಲಿಸಿದ. ಇಡೀ ಕೋಣೆ ಉಸಿರು ಹಿಡಿಯಿತು. ಆ ನಿಶ್ಶಬ್ದದೊಳಗೆ ಇಸೊಗೈ ಟವೆಲ್ಲು ತಿರುಗಿಸಿ ಕೂಗಿದ:

"ಹೋಯ್! ಹೋಯ್! ಬಂದ್ವಿ ನೋಡು!"

ಮೇಸ್ತ್ರಿಯ ಕಣ್ಣು ತೆರೆಯಿತು. ಯಾರೋ ಕಿಸಕ್ಕೆಂದರು. ಕ್ಷೌರಿಕನ ಗುಂಪಿಗೆ ಕೂಗು ಕೇಳಿ ಸುಮ್ಮನಿರುವ ಅಭ್ಯಾಸವಿಲ್ಲ. ಅವರೂ ಎತ್ತಿಕೊಂಡರು. ಮುಂದಿನ ಚರಣಕ್ಕೆ ಇಡೀ ಕೋಣೆ ಕೂಗಿತು. ಹಡಗು ಹತ್ತಿ ಹೋದ ಹೆಂಗಸು ಅಳುವುದು ಬಿಟ್ಟು ಕುಣಿಯತೊಡಗಿದಳು. ಅವಳ ಜೊತೆ ಮೇಸ್ತ್ರಿಯೂ ಕುಣಿದ.

ಚಪ್ಪಾಳೆ ನಿಲ್ಲುವ ಮೊದಲೇ ಮೂರನೆಯವನು, ಶಿಜುಮಾ, ಬಂದು ಕೂತ. ಗಿಟಾರು ಹಿಡಿದ ಸಣಕಲು ಮನುಷ್ಯ. ಮೆಲ್ಲಗೆ ಹೇಳಿದ: "ಇದು ನಾನೇ ಕಟ್ಟಿದ ಹಾಡು. ಇವತ್ತಿನವರೆಗೂ ಯಾರಿಗೂ ಕೇಳಿಸಿಲ್ಲ."

ಇಸೊಗೈಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಹಾಡು ಮುಗಿದರೆ ಚಿಪ್ಪು ಎಣಿಸಿಬಿಡುತ್ತಾರೆ. ಎದ್ದ. ವೇದಿಕೆಯ ಅಂಚಿನಲ್ಲಿ ಅಡ್ಡ ಹಾಯುವಾಗ ಗಿಟಾರಿನಿಂದ ಸ್ಪೀಕರಿಗೆ ಹೋಗುವ ವೈರು ಕಾಲಿಗೆ ಸುತ್ತಿಕೊಂಡು ಪಟ್ಟೆಂದು ಕಿತ್ತು ಬಂತು. ಹಾಡು ನಿಂತಿತು.

"ಕ್ಷಮಿಸಿ, ತುಂಬಾ ಅರ್ಜೆಂಟು!" ಎಂದು ಬಗ್ಗಿ, ಬಗ್ಗಿದ ಹಾಗೆಯೇ ಬಾಗಿಲಿಗೆ ಓಡಿದ.

"ಆ ಚಿಪ್ಪು ಬದಲಾಯಿಸಮ್ಮ. ಹಯಾತೆ ಗೋರೋಗೆ ಹಾಕು."

"ಹಾಗೆಲ್ಲ ಆಗಲ್ಲ. ಅದು ಮನಸ್ಸಿನ ಮಾತು ಅಲ್ವಾ?"

"ಅದು ನನ್ನ ಮನಸ್ಸಲ್ಲ! ಪಕ್ಕದ ಮನೆಯವರ ಮನಸ್ಸು!"

ಹುಡುಗಿ ನಕ್ಕು ಚಿಪ್ಪು ಬದಲಿಸಿದಳು. ಅಷ್ಟರಲ್ಲಿ ಹಿಂದೆ ದಡದಡ ಸದ್ದು. ಒಬಾತಾ ಮುಂದಿನ ಎರಡು ಸಾಲನ್ನೂ ಎಬ್ಬಿಸಿ ಕರೆತಂದಿದ್ದಳು.

"ಇವರದ್ದೂ ಬದಲಾಯಿಸು. ಆ ಬಿಳಿ ಸೂಟಿನವನೇ ನಗಿಸಿದ್ದು."

ಒಳಗೆ ಗಿಟಾರಿನವನು ಮತ್ತೆ ಮೊದಲಿನಿಂದ ಶುರುಮಾಡಿ, ಮುಂದಿನ ಖಾಲಿ ಕುರ್ಚಿಗಳಿಗೆ ಹಾಡುತ್ತಿದ್ದ.

ಹಯಾತೆ ಗೋರೋನ ಭರಣಿ ತುಂಬಿ ಚೆಲ್ಲಿತು. ಮೇಸ್ತ್ರಿ ಕುರಾಮೊಚಿ ಇಸೊಗೈನ ಎರಡೂ ಕೈ ಹಿಡಿದುಕೊಂಡ. "ನೀನು ಕೂಗದೆ ಇದ್ದಿದ್ರೆ ನಾನು ಅಳಿಸ್ತಾನೇ ಸಾಯ್ತಿದ್ದೆ ಕಣಯ್ಯ! ನಾಳೆ ಬೆಳಿಗ್ಗೆ ಸುಡೋ ಕೋಣೆ!" ಅವನು ಇನ್ನೂ ಏನೋ ಹೇಳುವುದರಲ್ಲಿದ್ದ, ಬೆಟ್ಟದ ಬಿಸಿನೀರ ಬುಗ್ಗೆಯ ವಸತಿಗೃಹದ ಒಡತಿ ಬಂದು ಅವನನ್ನು ಪಕ್ಕಕ್ಕೆ ಕರೆದುಕೊಂಡು ಹೋದಳು.

ಸೋಮವಾರ ಇಸೊಗೈ ಅರ್ಧ ತೋಳಿನ ಅಂಗಿ ತೊಟ್ಟು ಕೆಲಸಕ್ಕೆ ಬಂದ. ಮೇಸ್ತ್ರಿ ರಬ್ಬರ್ ಬೂಟು ಹಾಕಿರಲಿಲ್ಲ. ಎಲ್ಲರ ಮುಂದೆ ನಿಂತು ಬಗ್ಗಿದ.

"ಬೆಟ್ಟದ ವಸತಿಗೃಹದಲ್ಲಿ ದಿನಾ ಸಂಜೆ ಹಾಡೋಕೆ ಕರೆದಿದ್ದಾರೆ. ಕೆಲಸ ಬಿಡ್ತಾ ಇದೀನಿ."

ಇಸೊಗೈ ಅವನ ತೋಳು ಹಿಡಿದ. "ಮತ್ತೆ ನನ್ನ ವಿಷಯ?"

"ಹೆದರಬೇಡ. ಹೊಸ ಮೇಸ್ತ್ರಿಗೆ ಹೇಳಿದೀನಿ. ಪೊಟ್ಟಣ ಕಟ್ಟೋ ಕಡೆಯ ಸುಗಾಯಾ. ಒಳ್ಳೆ ಮನುಷ್ಯ, ಸಂಗೀತ ಅಂದ್ರೆ ಪ್ರಾಣ."

ಸಣಕಲು ಮನುಷ್ಯನೊಬ್ಬ ಮುಂದೆ ಬಂದ. ಟೋಪಿ, ಮುಖಪಟ್ಟಿ, ನಡುವೆ ನಿದ್ದೆಗೆಟ್ಟ ಎರಡು ಕಣ್ಣು. ಇಸೊಗೈಯನ್ನು ನೋಡಿದ, ನೋಡುತ್ತಲೇ ನಿಂತ. ಆಮೇಲೆ ಮೆಲ್ಲಗೆ ಕೇಳಿದ:

"ತುಂಬಾ ಅರ್ಜೆಂಟು ಅಂದ್ರಲ್ಲ ನಿನ್ನೆ. ಮುಗೀತಾ?"

ಇಸೊಗೈಗೆ ಅರ್ಧ ತೋಳಿನೊಳಗೇ ನಡುಕ ಹತ್ತಿತು.

ಮಂಗಳವಾರ ಕುರಾಮೊಚಿ ಬೆಟ್ಟದ ಬಸ್ಸು ಹತ್ತುವಾಗ ಕಾರ್ಖಾನೆಯ ಮಂದಿಯೆಲ್ಲ ಗೇಟಿಗೆ ಬಂದು ಕೈ ಬೀಸಿದರು. ಇಸೊಗೈ ಒಬ್ಬ ಮಾತ್ರ ಬರಲಿಲ್ಲ, ಆ ಹೊತ್ತಿಗೆ ಅವನು ಥಂಡಿ ಕೋಣೆಯಲ್ಲಿ ಮಂಜುಗಡ್ಡೆ ಒಡೆಯುತ್ತಿದ್ದ.