‘ಆಗ್ತದ’ಕ್ಕೆ ಬಿದ್ದ ದಂಡ

ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕುವ ಕಾಲ ಬಂತೆಂದರೆ ನಮ್ಮ ಕಡೆ ಮದುವೆ ಸುಗ್ಗಿಗಿಂತ ಹೆಚ್ಚು ಮಂದಿ ಮುನಿಸಿಕೊಳ್ಳುತ್ತಾರೆ. ಮಂದಿ ಹೊಸಬರು, ಜಗಳ ಮಾತ್ರ ಹಳೇದು: ತಡ ಮಾಡಿದವನು ಲೆಕ್ಕದವನಾದರೆ ದಂಡ ಯಾರು ಕಟ್ಟಬೇಕು? ನಾನು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡಿ ಮಾರುವವನು. ಕಲ್ಲಿಗೆ ಹಚ್ಚಿ ಉಳಿದ ಪಾಲಿಶನ್ನು ಮಾತಿಗೂ ಹಚ್ಚುತ್ತೇನೆ. ಹೀಗಾಗಿ ಮುಂದೆ ಹೇಳುವುದರಲ್ಲಿ ಮುಕ್ಕಾಲು ಖರೆ. ಉಳಿದ ಕಾಲು ಯಾವುದೆಂದು ನನಗೇ ನೆನಪಿಲ್ಲ.

೧. ಗೂಡ್ಸ್ ಗಾಡಿ

ನಮ್ಮ ರಿಟರ್ನ್ ಹಾಕಿಕೊಡುವ ಟ್ಯಾಕ್ಸ್ ಸಾಹೇಬರ ಆಫೀಸು ವಾಡಿಯಲ್ಲಿ, ರೈಲು ಹಳಿಗೆ ಬೆನ್ನು ಹಚ್ಚಿ ಕೂತಿದೆ. ಕಾಗದವೆಲ್ಲ ಮೊದಲೇ ಕೊಟ್ಟು ಬಂದಿದ್ದ ನಾನು ಕೊನೆಯ ದಿನ ಹತ್ತಿರ ಬಂದಾಗ ಫೋನ್ ಮಾಡಿದೆ.

"ಸಾಹೇಬ್ರ, ನಮ್ಮ ರಿಟರ್ನ್ ಏನಾತ್ರಿ?"

ಆ ಕಡೆ ಸಿಮೆಂಟಿನ ಗೂಡ್ಸ್ ಗಾಡಿ ಹಾಯುತ್ತಿತ್ತು. ಅವರು ಅಂದದ್ದು "ಆಗ್ತದ" ಅಂತ, ಅಂದರೆ ಇನ್ನು ಮುಂದೆ. ನನಗೆ ಕೇಳಿಸಿದ್ದು "ಆಗ್ಯದ". ಮುಗಿಯಿತಲ್ಲ ಎಂದು ಮಿರ್ಚಿ ಭಜಿ ತಿಂದು ನಿಶ್ಚಿಂತನಾದೆ. ಮುಂದೆ ಬ್ಯಾಂಕಿನವರು ರಿಟರ್ನಿನ ರಶೀದಿ ಕೇಳಿದಾಗ ತಿಳಿಯಿತು, ಅದನ್ನು ಹಾಕೇ ಇಲ್ಲ. ಇನ್ನು ಹಾಕಬೇಕೆಂದರೆ ದಂಡ ಕಟ್ಟಬೇಕು. ವಾಡಿಗೆ ಓಡಿದೆ.

"ನಾ ಆಗ್ತದ ಅಂದೀನ್ರಿ" ಅಂದರು ಸಾಹೇಬರು. "ಕಿವಿ ನಿಮ್ದು, ಪ್ಯಾನ್ ಕಾರ್ಡ್ ನಿಮ್ದು. ದಂಡಾನೂ ನಿಮ್ದೇ ಅಲ್ರಿ?"

"ಮತ್ತ ಇದ್ರಾಗ ನಿಮ್ದೇನ್ರಿ?"

"ಫೀಸು."

"ಅಲ್ರಿ, ಒಂದಕ್ಕರೆ ಆಗ್ಯದ ಅನ್ರಲ್ಲ."

ಸಾಹೇಬರು ಕಂಪ್ಯೂಟರನ್ನು ಸಾವಕಾಶ ನೋಡಿ ಅಂದರು: "ತಡಾ ಆಗ್ಯದ."

೨. ವ್ಯಾಕರಣ

ಚಿತ್ತಾಪುರದ ನನ್ನ ಗೆಳೆಯನೊಬ್ಬ ಹೈಸ್ಕೂಲಿನ ಕನ್ನಡ ಮಾಸ್ತರ. ಅವನನ್ನು ಈ ಸಾಹೇಬರಿಗೆ ಗಂಟು ಹಾಕಿದ ಪುಣ್ಯವೂ ನನ್ನದೇ. ಅವನ ರಿಟರ್ನೂ ಅದೇ ಗೂಡ್ಸ್ ಗಾಡಿಯ ಕೆಳಗೆ ಸಿಕ್ಕಿತ್ತು. ದಂಡ ಅಂದೊಡನೆ ಅವನು ಹಿಡಿದದ್ದು ನನ್ನ ಕೊರಳಪಟ್ಟಿ.

"ಅಂವಾ ನೀ ತೋರಿಸಿದ ಮನುಷ್ಯ. ದಂಡ ಅಂವರೆ ಕಟ್ಲಿ, ಇಲ್ಲಾ ನೀನರೆ ಕಟ್ಟು. ನಾ ಕಟ್ಟಂಗಿಲ್ಲ."

ಎರಡು ದಂಡ ನನ್ನ ತಲೆಗೆ ಬರುವ ಹಾಗಾಯಿತು. ಅವನನ್ನು ಕರೆದುಕೊಂಡೇ ಮತ್ತೆ ವಾಡಿಗೆ ಹೋದೆ. ಮಾಸ್ತರ ಸಾಹೇಬರೆದುರು ಕೂತು ಪಾಠ ಸುರು ಮಾಡಿದ.

"ಸಾಹೇಬ್ರ, ನಾವು ಕಾಗದ ಕೊಟ್ಟದ್ದು ಭೂತಕಾಲ. ನೀವು ಇನ್ನಾ ಭವಿಷ್ಯತ್ತಿನಾಗೇ ಕುಂತೀರಿ. ಈ ತಡಕ್ಕ ಕರ್ತೃ ಯಾರು, ಅಷ್ಟು ಹೇಳ್ರಿ."

"ಸರ್ವರ್ ರಿ. ಡೌನ್ ಇತ್ತು."

"ಮತ್ತ ಕರ್ಮ?"

"ಕರ್ಮ ನಿಮ್ದು."

ಮಾಸ್ತರ ಅಂದಿನಿಂದ ಹುಡುಗರಿಗೆ ಕರ್ತೃ-ಕರ್ಮದ ಪಾಠ ಬಿಟ್ಟು ನೇರ ಸಂಧಿಗೆ ಹೋಗುತ್ತಾನಂತೆ.

೩. ಸಾಹೇಬರ ಅಂಗಳ

ಸಾಹೇಬರು ಸೇಡಂನಲ್ಲಿ ಹೊಸ ಮನೆ ಕಟ್ಟಿಸಿದರು. ಅಂಗಳಕ್ಕೆ ಹಾಸುವ ಫರಸಿ ನನ್ನ ಕಡೆಯಿಂದಲೇ ಬೇಕೆಂದರು. ದೇವರಿದ್ದಾನೆ ಎಂದು ಗಟ್ಟಿಯಾಗಿ ನಂಬಿದ್ದು ಅವತ್ತೇ.

ಗೃಹಪ್ರವೇಶದ ವಾಸ್ತು ಹತ್ತಿರ ಬಂದಾಗ ಅವರ ಫೋನು ಬಂತು. "ಕಲ್ಲು ಲೋಡ್ ಆಗ್ಯದೇನ್ರಿ?"

ನಾನು ಎದ್ದು ಹೋಗಿ ಗರಗರ ತಿರುಗುತ್ತಿದ್ದ ಪಾಲಿಶ್ ಮಷಿನ್ನಿನ ಪಕ್ಕಕ್ಕೆ ನಿಂತು, ಮೆತ್ತಗೆ "ಆಗ್ತದ" ಅಂದೆ.

ವಾಸ್ತುವಿನ ಹಿಂದಿನ ದಿನ ನಾನೂ ಮಾಸ್ತರನೂ ಸ್ಕೂಟರಿನಲ್ಲಿ ಬರಿಗೈಲೆ ಹೋಗಿ ಇಳಿದೆವು. ಕಲ್ಲಿನ ಲಾರಿಯನ್ನು ಓಣಿಯ ತಿರುವಿನಲ್ಲೇ ನಿಲ್ಲಿಸಿದ್ದೆ. ಕಲ್ಲು ಹಾಸುವ ಗೌಂಡಿಗಳು ಮಣ್ಣಿನ ಅಂಗಳದಲ್ಲಿ ಕೂತು ತಂಬಾಕು ತಿಕ್ಕುತ್ತಿದ್ದರು. ಸಾಹೇಬರು ಓಡಿ ಬಂದರು.

"ಏನ್ರಿ ಇದು? ಆಗ್ಯದ ಅಂದ್ರಿ, ಕಲ್ಲೆಲ್ಲಿ? ನಾಳೆ ಚಿಂಚೋಳಿ ಬೀಗರು ಬರ್ಲಿಕತ್ತಾರ!"

"ನಾ ಆಗ್ತದ ಅಂದೀನ್ರಿ. ಕಿವಿ ನಿಮ್ದು, ಅಂಗಳ ನಿಮ್ದು, ಬೀಗರೂ ನಿಮ್ಮವರೇ."

ಸಾಹೇಬರ ಹೆಂಡತಿ ಬಾಗಿಲಿಗೆ ಬಂದರು. "ಬರೇ ಫೋನ್ ನಂಬಿ ಕುಂತೀರೇನು? ಒಮ್ಮೆ ಹೋಗಿ ನೋಡ್ಲಿಕ್ಕ ಏನಾಗಿತ್ತು? ಈಗ ತಪ್ಪು ಯಾರ್ದು?"

"ವೈನಿ, ಇದೇ ಪ್ರಶ್ನಿ ಹಿಡ್ಕೊಂಡು ನಾವು ವಾಡಿಗೂ ಹೋಗಿದ್ವಿ" ಅಂದ ಮಾಸ್ತರ.

ಸಾಹೇಬರು ಕೈ ಮುಗಿದರು. "ನಿಮ್ಮಿಬ್ಬರ ದಂಡಾನೂ ನಾ ಕೊಡ್ತೀನಿ ಮಾರಾಯ್ರ. ಕಲ್ಲು ತರಸ್ರಿ."

"ಕೊಡ್ತೀನಿ ಬ್ಯಾಡ್ರಿ. ಫೋನಿನಾಗ ಈಗಿಂದೀಗ ಹಾಕ್ರಿ. ಆಗ್ಯದ ಅಂದ ಮ್ಯಾಲೇ ಕಲ್ಲು ಇಳೀತಾವ."

ಹೀಗೆಂದು ನಾನು ಲಾರಿಗೆ ಕೈ ಬೀಸಿದೆ. ಲಾರಿ ಓಣಿ ನಡುಗಿಸುತ್ತ ಬಂದು ಗೇಟಿನ ಮುಂದೆ ಗುರುಗುಟ್ಟುತ್ತ ನಿಂತಿತು. ಸಾಹೇಬರು ಫೋನು ತಿಕ್ಕಿ ತಿಕ್ಕಿ, ತಲೆ ಎತ್ತಿ ಕೂಗಿದರು: "...ಆಗ್ಯದ!"

ಗೆದ್ದ ಖುಷಿಯಲ್ಲಿ ಕಲ್ಲನ್ನೆಲ್ಲ ಇಳಿಸಿದೆವು. ವೈನಿ ಕೊಟ್ಟ ಚಹಾ ಕುಡಿದೆವು. ವಾಪಸು ಬರುವಾಗ ಮಳಖೇಡದ ಹತ್ತಿರ ಸ್ಕೂಟರ್ ನಿಲ್ಲಿಸಿ ನೋಡಿದರೆ ಇಬ್ಬರ ಖಾತೆಗೂ ಏನೂ ಬಂದಿಲ್ಲ. ಫೋನ್ ಹಚ್ಚಿದೆ.

"ಸಾಹೇಬ್ರ, ಆಗ್ಯದ ಅಂದಿದ್ರಲ್ರಿ?"

"ಅಂದೀನಿ, ಖರೆ. ಲಾರಿ ಸಪ್ಪಳದಾಗ ಮೊದಲಿನ ಮಾತು ಕೇಳಿಲ್ಲೇನು ನಿಮಗ?"

"ಏನಂದಿದ್ರಿ?"

"ಸರ್ವರ್ ಡೌನ್ ಆಗ್ಯದ."

ಮಾಸ್ತರ ಹಿಂದಿನ ಸೀಟಿನಿಂದ ನನ್ನ ಭುಜ ತಟ್ಟಿದ. "ಕರ್ಮ ನಿಂದೇ ಆತಲ್ಲೋ. ನನ್ನ ದಂಡ ಯಾವಾಗ ಕಟ್ತಿ?"

ನಾನು ಸ್ಕೂಟರ್ ಚಾಲೂ ಮಾಡಿ, ಎಕ್ಸಿಲರೇಟರನ್ನು ಪೂರಾ ತಿರುವಿ, ಮೆತ್ತಗೆ ಹೇಳಿದೆ: "ಆಗ್ತದ."