ನಕಾಶೆ ಭಂಡಾರದ ಪೊಲೀಸರಿಗೆ ದಾರಿ ಹೇಳಿದ ತಪ್ಪಿಗೆ

ಫೆಡರಲ್ ನಕಾಶೆ ಭಂಡಾರದ ಹೆಬ್ಬಾಗಿಲನ್ನು ವರ್ಷಗಳಿಂದ ಕಾಯುತ್ತ ಬಂದು, ಈ ಬೇಸಿಗೆಯಿಂದ ನದಿ ದಾಟಿ ನಮ್ಮನ್ನೂ ಕಾಯುತ್ತಿರುವ ಅಧಿಕಾರಿ ಲಿಂಡ್‌ಕ್ವಿಸ್ಟ್ ಅವರೇ, ಮಾನ್ಯರೇ,

ತಾವೂ ತಮ್ಮ ಕುಟುಂಬದವರೂ ತಮ್ಮ ಕಾರಿನ ನೆತ್ತಿಯ ಕೆಂಪು ನೀಲಿ ದೀಪಗಳೂ ಕ್ಷೇಮವೆಂದು ನಂಬಿದ್ದೇನೆ. ನಾನು ವಾಷಿಂಗ್ಟನ್ನಿನ ಆಗ್ನೇಯ ಭಾಗದ ಲಾವೆಲ್ ಗ್ಯಾಸ್ಕಿನ್ಸ್. ಹೆಸರು ನೆನಪಿರಲಿಕ್ಕಿಲ್ಲ. ಕಳೆದ ತಿಂಗಳು ಒಂದು ಶನಿವಾರ ಬೆಳಿಗ್ಗೆ ತಾವು ತಡೆದ ಹಸಿರು ಕಾರಿನಲ್ಲಿ, ಚಾಲಕಿಯ ಪಕ್ಕ ಕುಳಿತು, ತೊಡೆಯ ಮೇಲಿನ ರಟ್ಟಿನ ಪೆಟ್ಟಿಗೆಯನ್ನು ಮಗುವಿನಂತೆ ತಬ್ಬಿಕೊಂಡು, ತಮಗೆ ಮೂರು ಸಲ ‘ಥ್ಯಾಂಕ್ಯೂ ಸರ್’ ಎಂದ ಯುವಕ ನಾನೇ.

ಆ ಪೆಟ್ಟಿಗೆಯಲ್ಲಿ ಇದ್ದದ್ದು ನಾನೇ ಬರೆದು, ನಾನೇ ಅಚ್ಚು ಹಾಕಿಸಿದ ‘ಪೊಲೀಸರು ತಡೆದಾಗ ಪಾಲಿಸಬೇಕಾದ ಒಂಬತ್ತು ನಿಯಮಗಳು’ ಎಂಬ ಕೈಪುಸ್ತಕದ ಐನೂರು ಪ್ರತಿ. ನಾನು ಕಾನೂನು ಓದಿದವನಲ್ಲ. ಕಾನೂನಿನ ಬಗ್ಗೆ ಬಂದ ಕರಪತ್ರಗಳನ್ನೆಲ್ಲ ಓದಿದವನು. ತಮ್ಮ ಅಧಿಕಾರವ್ಯಾಪ್ತಿ ನಕಾಶೆ ಭಂಡಾರದ ಕಟ್ಟಡ, ಅದರ ಮೆಟ್ಟಿಲು ಮತ್ತು ಸುತ್ತಲಿನ ಕಾಲುದಾರಿಗೆ ಮುಗಿಯುತ್ತದೆಂದು ನಾಲ್ಕನೆಯ ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಹೊಸ ಆದೇಶವೊಂದು ಆ ಕಾಲುದಾರಿಯನ್ನು ನಾಲ್ಕು ಮೈಲಿ ಉದ್ದ ಮಾಡಿ, ನದಿಯ ಮೇಲೆ ಹಾಯಿಸಿ, ನಮ್ಮ ಮನೆಬಾಗಿಲಿಗೆ ತಂದು ಬಿಟ್ಟಿದೆಯೆಂಬುದು ನಾನು ಅಚ್ಚು ಹಾಕಿಸಿದ ಮೇಲೆ ತಿಳಿಯಿತು. ಆದರೂ ನಾನು ಎದೆಗುಂದಿರಲಿಲ್ಲ. ಮೂರು ವರ್ಷ ಕನ್ನಡಿಯ ಮುಂದೆ ನಿಂತು ತಮ್ಮಂಥವರಿಗಾಗಿ ಅಭ್ಯಾಸ ಮಾಡಿದ್ದೆ. ಕನ್ನಡಿ ಒಮ್ಮೆಯೂ ನನ್ನೆದುರು ಗೆದ್ದಿರಲಿಲ್ಲ.

ಕಾರು ಓಡಿಸುತ್ತಿದ್ದವರು ನನ್ನನ್ನು ಸಾಕಿದ ಚಿಕ್ಕಮ್ಮ ಅರ್ನೆಟಾ. ಹತ್ತೊಂಬತ್ತು ವರ್ಷಗಳಿಂದ ಅವರು ಶಾಲಾ ಬಸ್ಸು ಓಡಿಸುತ್ತಿದ್ದಾರೆ. ‘ನಿಲ್ಲಿ’ ಎಂಬ ಫಲಕ ಕಂಡಲ್ಲಿ ಪೂರ್ತಿ ನಿಂತು, ಬಾಯಿಬಿಟ್ಟು ಮೂರು ಎಣಿಸಿ, ಆಮೇಲೆ ಹೊರಡುವವರು. ಅವರ ಹಿಂದೆ ಸಿಕ್ಕಿಕೊಂಡವರ ತಲೆ ನರೆತದ್ದನ್ನು ನಾನು ಕಂಡಿದ್ದೇನೆ. ಆ ದಿನವೂ ಎಣಿಸಿದರು. ಆದರೆ ತಾವು ನಿಂತಿದ್ದ ಮರದ ಮರೆಯಿಂದ ಮೂರು ಕೇಳಿಸಲಿಲ್ಲವೆಂದು ಕಾಣುತ್ತದೆ. ಕಳೆದ ಚಳಿಗಾಲದ ಮಂಜಿನಲ್ಲಿ ಜಾರಿದ್ದಕ್ಕೆ ಅವರ ಹೆಸರಿನಲ್ಲಿ ಆಗಲೇ ಒಂದು ತಪ್ಪು ದಾಖಲಾಗಿದೆ. ವರ್ಷದೊಳಗೆ ಇನ್ನೊಂದಾದರೆ ಬಸ್ಸಿನ ಕೀಲಿ ಒಪ್ಪಿಸಿ ಮನೆಗೆ ಹೋಗಬೇಕೆಂದು ಅವರ ಕಂಪನಿಯ ನಿಯಮ. ಇದು ತಮಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ತಾವು ಕಿಟಕಿಯ ಬಳಿ ಬಂದಿರಿ. ನನ್ನ ಕಾಲ ಕೂಡಿಬಂದಿತ್ತು. ನಾಲ್ಕನೆಯ ನಿಯಮದಂತೆ ‘ತಮ್ಮ ಅಧಿಕಾರವ್ಯಾಪ್ತಿ ಎಲ್ಲಿಯವರೆಗೆ?’ ಎಂದು ಗುಡುಗಲು ಬಾಯಿ ತೆರೆದೆ. ಹೊರಬಂದ ಮಾತು ಹೀಗಿತ್ತು: “ಸರ್... ತಮ್ಮದು ಯಾವೂರಾಯ್ತು ಸರ್?”

“ನೆಬ್ರಾಸ್ಕಾ. ಯಾಕೆ?”

“ಏನಿಲ್ಲ ಸರ್. ಒಳ್ಳೇ ಊರು ಸರ್. ಥ್ಯಾಂಕ್ಯೂ ಸರ್.”

ನೆಬ್ರಾಸ್ಕಾವನ್ನು ನಾನು ನೋಡಿಲ್ಲವೆಂದು ಈ ಮೂಲಕ ಬಹಿರಂಗವಾಗಿ ಒಪ್ಪಿಕೊಳ್ಳುತ್ತೇನೆ.

ಆಮೇಲೆ ತಾವು ಕೈಯಲ್ಲಿದ್ದ ಯಂತ್ರದ ಮೇಲೆ ಬೆರಳಾಡಿಸಿ, ದಂಡದ ಚೀಟಿಯನ್ನು ಸೌಜನ್ಯದಿಂದ ಓದಿ ಹೇಳಿದಿರಿ: “ಹದಿನಾರನೇ ಬೀದಿ, ಡಬ್ಲ್ಯೂ ಬೀದಿ ಸೇರೋ ಜಾಗ. ವಾಯವ್ಯ. ಸರಿನಾ ಮೇಡಂ?”

ಮಾನ್ಯರೇ, ದೇಶದ ಸಮಸ್ತ ನಕಾಶೆಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಲ್ಲುವ ತಮಗೆ ಅವುಗಳ ಕಡೆ ತಿರುಗಿ ನೋಡಲು ಬಿಡುವಾಗಿರಲಿಕ್ಕಿಲ್ಲ. ನಮ್ಮ ನಗರವನ್ನು ನಾಲ್ಕು ಮೂಲೆಗೆ ಹಂಚಿ, ಒಂದೇ ಹೆಸರಿನ ಬೀದಿಯನ್ನು ಮೂಲೆಗೊಂದರಂತೆ ಇಟ್ಟಿದ್ದಾರೆ. ಹದಿನಾರನೆಯ ಬೀದಿ ಡಬ್ಲ್ಯೂ ಬೀದಿಯನ್ನು ನಮ್ಮ ಆಗ್ನೇಯದಲ್ಲೂ ಕೂಡುತ್ತದೆ, ನಗರದ ಆಚೆ ತುದಿಯ ವಾಯವ್ಯದಲ್ಲೂ ಕೂಡುತ್ತದೆ. ಆ ವಾಯವ್ಯದ ಕೂಡುರಸ್ತೆಯಲ್ಲಿ ‘ನಿಲ್ಲಿ’ ಫಲಕವೇ ಇಲ್ಲ, ಇರುವುದು ಟ್ರಾಫಿಕ್ ಸಿಗ್ನಲ್ಲಿನ ದೀಪದ ಕಂಬ. ಇಲ್ಲದ ಫಲಕವನ್ನು ಮೀರಿದರೆಂದು ತಾವು ಬರೆದ ಚೀಟಿ ವಿಚಾರಣೆಯ ಮೇಜಿನ ಮೇಲೆ ಒಂದು ನಿಮಿಷವೂ ಬಾಳುತ್ತಿರಲಿಲ್ಲ.

ಚಿಕ್ಕಮ್ಮನಿಗೆ ಇದು ತಕ್ಷಣ ಹೊಳೆಯಿತು. “ಎಲ್ಲಾ ಸರಿಯಾಗಿದೆ ಮಗಾ, ಹಂಗೇ ಬರ್ಕೋ,” ಎಂದರು, ಭಾನುವಾರ ಚರ್ಚಿನಲ್ಲಿ ಮಾತ್ರ ಬಳಸುವ ದನಿಯಲ್ಲಿ. ಅದೇ ಹೊತ್ತಿಗೆ ನನ್ನ ತೊಡೆಯನ್ನು ಚರ್ಮ ಕಿತ್ತುಬರುವಂತೆ ಚಿವುಟಿದರು. ಹೋರಾಟಕ್ಕೆ ಹುರಿದುಂಬಿಸುತ್ತಿದ್ದಾರೆಂದು ನಾನು ಭಾವಿಸಿದೆ.

ಆಗ್ನೇಯದಲ್ಲಿ ಹುಟ್ಟಿ ಬೆಳೆದವನ ಕಷ್ಟ ತಮಗೆ ಹೇಗೆ ಹೇಳಲಿ? ಜಗತ್ತಿಗೆ ವಾಷಿಂಗ್ಟನ್ ಎಂದರೆ ವಾಯವ್ಯ ಮಾತ್ರ. ಅಂಚೆ ಹಾದಿ ತಪ್ಪಿದರೆ ಅಲ್ಲಿಗೇ, ಪಿಜ್ಜಾ ತಂದುಕೊಡುವವನು ದಾರಿ ತಪ್ಪಿದರೂ ಅಲ್ಲಿಗೇ. ನಮ್ಮ ಬೀದಿ, ನಮ್ಮ ಮರ, ನಮ್ಮ ಬಿಸಿಲು, ನನ್ನ ಕಣ್ಣೆದುರಿಗೇ ವಾಯವ್ಯದ ಪಾಲಾಗುತ್ತಿರುವಾಗ ಮೂರು ವರ್ಷ ಕೂಡಿಟ್ಟ ಧೈರ್ಯವೆಲ್ಲ ಒಮ್ಮೆಗೇ ಉಕ್ಕಿತು. ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಗರ್ಜಿಸಿದೆ: “ತಪ್ಪು ಸರ್! ಇದು ಆಗ್ನೇಯ! ತಿದ್ದಿ ಬರೀರಿ!”

ತಾವು ತಿದ್ದಿ ಬರೆದಿರಿ. “ಥ್ಯಾಂಕ್ಸ್ ಕಣಪ್ಪ, ಒಳ್ಳೇದಾಯ್ತು ಹೇಳಿದ್ದು,” ಎಂದಿರಿ. ಸರ್ಕಾರ ನನ್ನ ಬೇಡಿಕೆಯೊಂದನ್ನು ಸ್ಥಳದಲ್ಲೇ ಈಡೇರಿಸಿದ್ದು ಅದೇ ಮೊದಲು. ನಾನು ಮತ್ತೆರಡು ಸಲ ಥ್ಯಾಂಕ್ಯೂ ಎಂದೆ.

ತಾವು ಹೋದ ಮೇಲೆ ಚಿಕ್ಕಮ್ಮ ಚೀಟಿಯನ್ನು ನಾಲ್ಕಾಗಿ ಮಡಿಸಿ ಕೈಚೀಲಕ್ಕೆ ಹಾಕಿಕೊಂಡರು. ಆಮೇಲೆ, “ವಕೀಲ್ರೇ, ಆ ಪೆಟ್ಟಿಗೆ ತೆಗೀರಿ. ಒಂದನೇ ನಿಯಮ ಓದಿ,” ಎಂದರು.

ಓದಿದೆ. “ಬಾಯಿ ಮುಚ್ಚಿಕೊಂಡಿರಿ.”

“ಕೇಳಿಸ್ಲಿಲ್ಲ. ಇನ್ನೊಂದ್ಸಲ.”

ಎದುರಿನ ಕ್ಷೌರದಂಗಡಿಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದ ಮಾಲೀಕ ಪರ್ನೆಲ್, “ಏನೋ ಲಾವೆಲ್, ಪೊಲೀಸ್ನೋರಿಗೆ ದಾರಿ ತೋರ್ಸೋ ಕೆಲ್ಸ ಸಿಕ್ತಂತೆ? ಯೂನಿಫಾರ್ಮು ಯಾವಾಗ ಕೊಡ್ತಾರೋ?” ಎಂದು ಕೂಗಿದರು. ಈಗ ಅವರ ಅಂಗಡಿಯಲ್ಲಿ ಗಿರಾಕಿಗಳು ಕುಳಿತ ಕೂಡಲೇ, “ತಪ್ಪು ಸರ್, ಇದು ಎಡಗಡೆ ಕಿವಿ, ತಿದ್ದಿ ಕತ್ತರಿಸಿ” ಎನ್ನುತ್ತಾರಂತೆ. ಹಂಚಲೆಂದು ಅಲ್ಲೇ ಇಟ್ಟಿರುವ ನನ್ನ ಕೈಪುಸ್ತಕಗಳ ಮೇಲೆ ಬಿದ್ದ ಕೂದಲನ್ನು ಪರ್ನೆಲ್ ದಿನಕ್ಕೆರಡು ಬಾರಿ ಕೊಡವುತ್ತಾರೆ. ಒಂದೂ ಖರ್ಚಾಗಿಲ್ಲ.

ಮನೆಯಲ್ಲಿ ಮಾತ್ರ ಯಾರೂ ನಗುತ್ತಿಲ್ಲ. ಚಿಕ್ಕಮ್ಮ ಬೆಳಿಗ್ಗೆ ಐದಕ್ಕೇ ಎದ್ದು, ಶಾಲೆಗೆ ಇನ್ನೂ ಬೇಸಿಗೆ ರಜೆಯೆಂದು ನೆನಪಾಗಿ, ಅಡುಗೆಮನೆಯಲ್ಲಿ ಬಸ್ಸಿನ ಕೀಲಿಗೊಂಚಲನ್ನು ಬಟ್ಟೆಯಿಂದ ಒರೆಸುತ್ತ ಕೂರುತ್ತಾರೆ. ನನಗೆ ಒಂದು ಬೈಗುಳವನ್ನೂ ಕೊಟ್ಟಿಲ್ಲ. ಮೊಟ್ಟೆ ಬೇಯಿಸಿ ಕೊಡುತ್ತಾರೆ. ಅದನ್ನು ತಿನ್ನುವುದು ತಮ್ಮ ಚೀಟಿಗಿಂತ ಕಷ್ಟ.

ಆದ್ದರಿಂದ ಕೆಲವು ಕೋರಿಕೆಗಳು. ತಾವು ಮತ್ತೊಮ್ಮೆ ಅದೇ ಮರದ ಮರೆಗೆ ಬಂದು, ಅದೇ ಕಾರನ್ನು ತಡೆದು, ಅದೇ ತಪ್ಪನ್ನು ಮಾಡಿದರೆ ನಾನು ಬಾಯಿಗೆ ಬಟ್ಟೆ ತುರುಕಿಕೊಂಡು ಕೂರುತ್ತೇನೆ. ಅದಾಗದಿದ್ದರೆ, ಬರುವ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ವಿಚಾರಣೆಯಿದೆ. ಚೀಟಿ ಬರೆದ ಅಧಿಕಾರಿ ಹಾಜರಾಗದಿದ್ದರೆ ಚೀಟಿ ಬಿದ್ದುಹೋಗುತ್ತದೆಂದು ಕೇಳಿದ್ದೇನೆ. ಈ ಬಾರಿ ಕರಪತ್ರದಿಂದಲ್ಲ, ವಿಚಾರಣೆಯ ಕಚೇರಿಯ ಗುಮಾಸ್ತೆಯಿಂದಲೇ. ತಮ್ಮ ಅಧಿಕಾರವ್ಯಾಪ್ತಿಯ ಬಗ್ಗೆ ನಾನು ಬರೆದ ನಾಲ್ಕನೆಯ ಪುಟವನ್ನು ದೇಶದಲ್ಲಿ ಒಬ್ಬರಾದರೂ ನಂಬಬೇಕೆಂದರೆ ಆ ಒಬ್ಬರು ತಾವಾಗಿರಲಿ; ಅದೂ ಮಂಗಳವಾರ ಒಂದು ಬೆಳಿಗ್ಗೆ ಮಾತ್ರ. ಹೆಬ್ಬಾಗಿಲ ಮುಂದೆ, ಮೆಟ್ಟಿಲ ಮೇಲೆ, ಕಾಲುದಾರಿಯೊಳಗೆ ನಿಂತಿರಿ. ಆ ನಕಾಶೆಗಳಿಗೆ ತಾವಲ್ಲದೆ ಯಾರಿದ್ದಾರೆ?

ತಮ್ಮ ಭೂಗೋಳದಲ್ಲಿ ಅಚಲ ನಂಬಿಕೆಯಿಟ್ಟಿರುವ, ತಮ್ಮ ವಿಶ್ವಾಸಿ,

ಲಾವೆಲ್ ಗ್ಯಾಸ್ಕಿನ್ಸ್

ತಾಜಾ ಕಲಂ: ಇದನ್ನು ಪರ್ನೆಲ್ ಅವರ ಅಂಗಡಿಯ ಗಾಜಿಗೆ ಅಂಟಿಸುವ ಮೊದಲು ಚಿಕ್ಕಮ್ಮನಿಗೆ ಓದಿ ಹೇಳಿದೆ. “ಇದೂ ಬಾಯಿ ಬಿಟ್ಟಂಗೇ ಅಲ್ವೇನೋ ಮಂಕೇ?” ಎಂದರು. ನಿಜ. ಆದರೂ ಕರ್ತವ್ಯನಿಷ್ಠೆಯಿಂದ ತಾವು ಬಂದೇ ಬರುವುದಾದರೆ ತಡೆಯಲು ನಾನು ಯಾರು? ವಿಚಾರಣೆ ನಡೆಯುವುದು ಜಿ ಬೀದಿಯ ೩೧೪ನೇ ಕಟ್ಟಡದಲ್ಲಿ. ಜಿ ಬೀದಿ ನಾಲ್ಕು ಮೂಲೆಯಲ್ಲೂ ಇದೆ. ಯಾವ ಮೂಲೆಯದೆಂದು ನನಗೆ ಗೊತ್ತಿದೆ, ಮಾನ್ಯರೇ. ಆದರೆ ಒಂದನೆಯ ನಿಯಮ ನನಗೀಗ ಬಾಯಿಪಾಠವಾಗಿದೆ.