ವಿಜಯದಶಮಿಯಂದು ಗಡಗಡಾಸುರನ ವಧೆ

ಆಲಿಸಿರಿ, ಉಂಡ ತಟ್ಟೆಯನ್ನು ಉಂಡಲ್ಲೇ ಬಿಟ್ಟೇಳುವ ಪುರುಷಪುಂಗವರಿರಾ! ಕಲಿಯುಗದ ಪ್ರಥಮಪಾದದಲ್ಲಿ, ನವನೀತದೋಸಾಪರಿಮಳಭರಿತವಾದ ದಾವಣಗೆರೆ ಎಂಬ ಪಟ್ಟಣದಲ್ಲಿ, ವಿಮಾಪಾಲಿಸಿವಿಕ್ರಯಧುರಂಧರನೂ, ಸೋಫಾಸಿಂಹಾಸನಾಧೀಶ್ವರನೂ, ಟೀವಿರಿಮೋಟುದಂಡಧರನೂ, ಹುಟ್ಟಿದಂದಿನಿಂದ ಒಂದು ಲೋಟವನ್ನೂ ತೊಳೆದರಿಯದ ಅಖಂಡವ್ರತನಿಷ್ಠನೂ ಆದ ಫಾಲಾಕ್ಷಪ್ಪನೆಂಬ ಮಹಾವೀರನಿದ್ದನು. ಅವನ ಕಥೆಯನ್ನೇ ಹೇಳಹೊರಟಿದ್ದೇನೆ. ನಗು ಬಂದರೆ ನಗಿ, ಆದರೆ ನಗುವ ಮುಂಚೆ ನಿಮ್ಮ ಮನೆಯ ಸಿಂಕನ್ನೂ ಒಮ್ಮೆ ಇಣುಕಿ ನೋಡಿ ಬನ್ನಿ.

ಈ ವೀರನ ಧರ್ಮಪತ್ನಿ ಸರ್ವಮಂಗಳೆ. ಮದುವೆಯಾದಂದಿನಿಂದ ಸೋಪಿನ ನೀರಲ್ಲೇ ನೆನೆದ ಅವಳ ಅಂಗೈ ಬಿರಿದು, ಬೆರಳ ಸಂದಿನಲ್ಲಿ ರಕ್ತ ಜಿನುಗತೊಡಗಿದಾಗ, ಚರ್ಮದ ಡಾಕ್ಟರು "ಇನ್ನು ಈ ಕೈ ಸೋಪಿನ ನೀರು ಮುಟ್ಟಂಗಿಲ್ಲಮ್ಮ" ಎಂದು ಕಟ್ಟಪ್ಪಣೆ ಮಾಡಿದರು. ಆಗ ನಮ್ಮ ವೀರನು ತಾನೇ ತೊಳೆಯುತ್ತೇನೆಂದನೇ? ಅಯ್ಯೋ, ಬಿಡ್ತು ಅನ್ನಿ! ಪಾತ್ರೆ ತೊಳೆಯುವ ಯಂತ್ರವೊಂದನ್ನು ತರಿಸಿದನು. ಯಂತ್ರ ಬಂತು, ಗಾಯ ಮಾಯತೊಡಗಿತು, ಸರ್ವಮಂಗಳೆ ಬಹುಕಾಲದ ನಂತರ ಕೈ ಉರಿಯದೆ ಹಸಿಮೆಣಸಿನಕಾಯಿ ಮುರಿದಳು.

ಹೀಗಿರಲು ಮಹಾನವಮಿ ಒದಗಿತು. ಸ್ಕೂಟರು, ಮಿಕ್ಸಿ, ಈಳಿಗೆಮಣೆಗಳನ್ನು ಪೂಜಿಸಿದ ಫಾಲಾಕ್ಷಪ್ಪನು ಯಂತ್ರರಾಜನನ್ನು ಮರೆತಾನೆಯೆ? ತಳದಲ್ಲಿದ್ದ ಜರಡಿಯನ್ನು ಸ್ವಹಸ್ತದಿಂದ ಬಿಚ್ಚಿ, ಒರೆಸಿ, ಮರಳಿ ಕೂರಿಸಿ, ಯಂತ್ರದ ಹಣೆಗೆ ವಿಭೂತಿಯ ಪಟ್ಟೆ ಎಳೆದು, ಚೆಂಡುಹೂವಿನ ಸರ ಹಾಕಿ, ಬಾಗಿಲು ತೆರೆದು ಅದರ ಉದರದೊಳಗೆ ವೀಳ್ಯದೆಲೆಯ ಮೇಲೊಂದು ಇಡಿಯಡಿಕೆಯಿಟ್ಟು, "ದೀರ್ಘಾಯುವಾಗು" ಎಂದು ಕೈಮುಗಿದನು.

ಮರುದಿನ ವಿಜಯದಶಮಿ. ಹಬ್ಬಕ್ಕೆ ಬಂದಿದ್ದವನು ಸರ್ವಮಂಗಳೆಯ ತಮ್ಮ ರುದ್ರಮುನಿ. ಹೈಸ್ಕೂಲಿನ ಡ್ರಿಲ್ ಮೇಷ್ಟ್ರು, ಸೀಟಿಯನ್ನು ಕೊರಳಿನಿಂದಿಳಿಸದವನು, ತನಗೆ ತಿಳಿಯದ್ದು ಜಗತ್ತಿನಲ್ಲಿಲ್ಲವೆಂದು ಬಲ್ಲವನು. ಹೋಳಿಗೆಯೂಟ ಮುಗಿದು, ತುಪ್ಪಲಿಪ್ತಸಕಲಪಾತ್ರಾಸಮೂಹವನ್ನು ತುಂಬಿ ಗುಂಡಿ ಒತ್ತಿದ್ದೇ ತಡ, ಯಂತ್ರದ ಗರ್ಭದಿಂದ ಗಡಗಡಗಡ ಕಟಕಟ ಗಡಗಡವೆಂಬ ಘೋರನಾದವೊಂದು ಹೊರಟು, ಗೂಡಿನಲ್ಲಿದ್ದ ಉಪ್ಪಿನಕಾಯಿ ಭರಣಿಗಳು ನಡುಗಿದವು. ಸರ್ವಮಂಗಳೆ ಓಡಿಬಂದು ಸ್ವಿಚ್ಚು ಆರಿಸಿದಳು.

"ರೀ, ನಿನ್ನೆ ಇದರೊಳಗೆ ಎಲೆ-ಅಡಿಕೆ ಇಟ್ಟಿದ್ರಲ್ಲ, ಅಡಿಕೆ ತೆಗೆದ್ರೇನು?"

ಕೇಳಿದ್ದು ಅಷ್ಟೇ. ಅಡುಗೆಮನೆಯ ಬಾಗಿಲಲ್ಲಿ ಪಂಚೆಯನ್ನು ಮೇಲೆತ್ತಿ ಕಟ್ಟಿ ನಿಂತ ಫಾಲಾಕ್ಷಪ್ಪನು ಮೇಘಗಂಭೀರಸ್ವರದಿಂದ ಗರ್ಜಿಸಿದನು: "ಎಲೆಯನ್ನು ತೆಗೆದವನು ಅಡಿಕೆಯನ್ನು ಬಿಟ್ಟಾನೆಯೆ, ಮುಗ್ಧೆ? ಇದು ಮೋಟಾರುಗರ್ಭಾಂತರ್ಗತನಾದ ಗಡಗಡಾಸುರನ ಅಟ್ಟಹಾಸ! ಇಂದು ಸೂರ್ಯಾಸ್ತದೊಳಗೆ ಇವನ ಸೊಲ್ಲಡಗಿಸದಿದ್ದರೆ ನಾನು ನಮ್ಮಪ್ಪನಿಗೆ ಹುಟ್ಟಿದವನೇ ಅಲ್ಲ!"

"ಮೋಟಾರಲ್ಲ ಭಾವ, ಬೇರಿಂಗು!" ಎಂದು ರುದ್ರಮುನಿ ಯಂತ್ರಕ್ಕೆ ಕಿವಿಯಾನಿಸಿ ಘೋಷಿಸಿದನು. "ಈ ಕಿವಿ ಎಂದಾದರೂ ಸುಳ್ಳು ಹೇಳಿದ್ದುಂಟೆ? ಸ್ಪ್ಯಾನರು ತನ್ನಿ, ಒಂದೇ ಗಳಿಗೆಯಲ್ಲಿ ಇವನ ಎಲುಬುಗಳನ್ನು ಎಣಿಸಿಕೊಡುತ್ತೇನೆ!"

ಇನ್ನೂ ಅರಗದ ಹೋಳಿಗೆಯ ಬಲವೆಲ್ಲ ಬಾಯಿಗೆ ಬಂದಿತ್ತು. ಒಳಗಿದ್ದ ಪಾತ್ರೆಗಳನ್ನು ತೆಗೆತೆಗೆದು ಸಿಂಕಿಗೆ ಸುರಿದರು. ಅಟ್ಟದ ಮೇಲಿಂದ ತುಕ್ಕುಭೂಷಿತವಾದ ಆಯುಧಪೆಟ್ಟಿಗೆ ಇಳಿಯಿತು. ಹಿಂದಿನ ತಗಡು ಬಿಚ್ಚಿತು, ಪೈಪು ಕಳಚಿತು, ಕೊಳೆನೀರು ಕಾಲುವೆಯಾಗಿ ಹರಿದು ದೇವರ ಕೋಣೆಯ ಹೊಸಿಲು ಮುಟ್ಟಿತು. ಅದನ್ನು ಒರೆಸಿದವರು ಯಾರೆಂದು ಕೇಳಬೇಡಿ, ವೀರರಂತೂ ಅಲ್ಲ. ಮೋಟಾರುಪಕ್ಷಕ್ಕೂ ಬೇರಿಂಗುಪಕ್ಷಕ್ಕೂ ವಾಗ್ಯುದ್ಧ ನಡೆದು, ಒಬ್ಬರು ಬಿಗಿದ ಬೋಲ್ಟನ್ನು ಮತ್ತೊಬ್ಬರು ಸಡಿಲಿಸಿ, ಮಧ್ಯಾಹ್ನ ಜಾರಿತು.

ಆಗ ಸರ್ವಮಂಗಳೆ ಬಂದು ನಿಂತಳು. "ಸಂಜೆ ಬನ್ನಿ ಕೊಡಾಕೆ ಜನ ಬರ್ತಾರೆ. ಪಾಯಸ ಹಾಕಿ ಕೊಡಾಕೆ ಮನೇಲಿ ಒಂದು ಬಟ್ಲೂ ಇಲ್ಲ. ನಿಮ್ಮಿಬ್ರಲ್ಲಿ ಯಾರಾದ್ರೂ ಒಬ್ರು ಎದ್ದು ಅಷ್ಟು ತೊಳೆದುಕೊಡ್ರಪ್ಪ. ನನ್ನ ಕೈ ಈಗಷ್ಟೆ ಕೂಡ್ಕೊಂತಾ ಐತೆ."

"ರಣಮಧ್ಯದಲ್ಲಿ ಶಸ್ತ್ರ ಕೆಳಗಿಡುವುದುಂಟೆ!" ಎಂದನು ಫಾಲಾಕ್ಷಪ್ಪ, ತಲೆಯನ್ನು ಯಂತ್ರದಿಂದ ಹೊರತೆಗೆಯದೆ. "ಇನ್ನೇನು ಆಗಿಹೋಯ್ತಕ್ಕ," ಎಂದನು ರುದ್ರಮುನಿ. ಅಲ್ಲಾ, ನಾಲ್ಕು ಕೈ ಅಲ್ಲೇ ಇದ್ದವು, ನಾಲ್ಕೂ ಗಟ್ಟಿಮುಟ್ಟಾಗಿದ್ದವು! ನನಗೆ ಇವತ್ತಿಗೂ ಮೈ ಉರಿಯುವುದು ಇಲ್ಲಿಯೇ.

ಸರ್ವಮಂಗಳೆ ತರಕಾರಿ ತಂದ ಪ್ಲಾಸ್ಟಿಕ್ ಕವರುಗಳೆರಡನ್ನು ಕೈಗೆ ತೊಟ್ಟು, ಮುಂಗೈಗೆ ರಬ್ಬರ್ ಬ್ಯಾಂಡು ಹಾಕಿಕೊಂಡು ಸಿಂಕಿನ ಮುಂದೆ ನಿಂತಳು. ಹೂರಣ ಅಂಟಿದ ಪಾತ್ರೆಯ ಅಂಚಿಗೆ ತಾಗಿ ಕವರು ಹರಿಯಿತು, ಸೋಪಿನ ನೀರು ಒಳನುಗ್ಗಿತು. ಅವಳು ಅದನ್ನು ಕಿತ್ತೆಸೆದು ಬರಿಗೈಲಿ ತಿಕ್ಕಿದಳು.

ಇತ್ತ ರಣರಂಗದಲ್ಲಿ ಅಂತಿಮ ವ್ಯೂಹ. "ಮಗ್ಗುಲಿಗೆ ಕೆಡವು!" ಎಂದು ಭಾವನು ಕೂಗಲು, "ಹುಂ, ಎತ್ರಿ!" ಎಂದು ಭಾವಮೈದುನನು ಸೀಟಿಯೂದಲು, ಯಂತ್ರರಾಜನು ಮಗ್ಗುಲಾದನು. ಓರೆಯಾಗಿ ಕೂತಿದ್ದ ಜರಡಿ ಕಳಚಿ ಬಿತ್ತು. ಅದರ ಹಿಂದೆಯೇ, ಅಜ್ಜಂದಿರು ನಡೆವಂತೆ ನಿಧಾನವಾಗಿ, ಉರುಳುರುಳುತ್ತ ಗಡಗಡಾಸುರನು ಹೊರಬಂದು ಫಾಲಾಕ್ಷಪ್ಪನ ಹೆಬ್ಬೆರಳಿಗೆ ತಾಗಿ ನಿಂತನು.

ಇಬ್ಬರೂ ಬಗ್ಗಿ ನೋಡಿದರು.

"ಭಾವ," ಎಂದನು ರುದ್ರಮುನಿ, "ಇದು ಅಡಿಕೆ."

"ನನಗೆ ಮೊದಲೇ ಅನುಮಾನ ಇತ್ತು," ಎಂದನು ಮಹಾವೀರ.

ಎಲ್ಲವನ್ನೂ ಮರಳಿ ಜೋಡಿಸಿದರು. ಗುಂಡಿ ಒತ್ತಿದರು. ಯಂತ್ರವು ಸದ್ದಿಲ್ಲದೆ ತಿರುಗಿತು. "ಜಯಿಸಿದೆನು! ಮಂಗಳಾ, ತುಂಬು ಪಾತ್ರೆಗಳನ್ನು!" ಎಂದು ಅವನು ಎದೆಯುಬ್ಬಿಸಿ ತಿರುಗಿದರೆ, ಪಾತ್ರೆಗಳೆಲ್ಲ ಕಟ್ಟೆಯ ಮೇಲೆ ಬೋರಲಾಗಿ ನೀರು ಬಸಿಯುತ್ತಿದ್ದವು. ಮಿಕ್ಕಿದ್ದು ಅವನೇ ಯುದ್ಧಮಧ್ಯೆ ಕುಡಿದಿಟ್ಟ ಕಾಫಿಲೋಟ ಒಂದೇ. ವೀರನು ಅದನ್ನೇ ಯಂತ್ರದೊಳಗಿಟ್ಟು ಬಾಗಿಲು ಮುಚ್ಚಿದನು. ಕೈಲಿ ತೊಳೆದನೆಂದುಕೊಂಡಿರಾ? ವ್ರತ, ಸ್ವಾಮಿ, ವ್ರತ!

ಸಂಜೆಯಾಯಿತು. ಜನ ಬರುವ ಮೊದಲು ಮನೆಯೊಡತಿಗೇ ಬನ್ನಿ ಕೊಡೋಣವೆಂದು ಅವನು ಹೊಸ ಶರ್ಟು ತೊಟ್ಟು, ಬಂಗಾರವೆಂದೇ ಹಂಚುವ ಬನ್ನಿಯೆಲೆ ಹಿಡಿದು, ನಗುತ್ತ ಬಂದನು. "ಮಂಗಳಾ, ಬಂಗಾರ ತಗೊಂಡು ಬಂಗಾರದಂಗೆ ಇರೋಣ."

ಅವಳು ಕೈ ಚಾಚಿದಳು. ಹೆಬ್ಬೆರಳ ಬುಡದಿಂದ ಅಂಗೈ ನಡುವಿನತನಕ ಹಳೆಯ ಬಿರುಕು ಮತ್ತೆ ಬಾಯಿಬಿಟ್ಟಿತ್ತು, ಕೆಂಪಗೆ. ಫಾಲಾಕ್ಷಪ್ಪನ ಕೈಯಲ್ಲಿದ್ದ ಎಲೆ ಅಲ್ಲೇ ನಿಂತಿತು.

"ಅಲ್ಲೇ ಮೇಜಿನ ಮೇಲಿಡ್ರಿ," ಎಂದಳು ಸರ್ವಮಂಗಳೆ. "ಕೈ ಉರೀತಾ ಐತೆ."

ಅಡುಗೆಮನೆಯಲ್ಲಿ ಯಂತ್ರವು ಕಿಂಚಿತ್ತೂ ಸದ್ದುಮಾಡದೆ ಒಂದು ಲೋಟವನ್ನು ತೊಳೆಯುತ್ತಿತ್ತು.